ಚಿನ್ನಿ ಉಂಡಳೆಂದು ಹೇಳಿದ್ದೆ

ಶಾರದಕ್ಕಾ, ಚಿನ್ನಿ ಕಾಯಿಲೆ ಬಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ನೀವು ಊರಲ್ಲಿಲ್ಲದಾಗ ಅವಳು ಊಟ ಬಿಟ್ಟಿದ್ದಳು. ಅದು ಗೊತ್ತಿದ್ದೂ ನಾನು ದಿನವೂ ಫೋನಿನಲ್ಲಿ ನಿಮಗೆ ಸುಳ್ಳು ಹೇಳಿದೆ.

ಮಗಳು ಸುಧಾಳ ಬಾಣಂತನಕ್ಕೆಂದು ಜಗಳೂರಿಗೆ ಹೊರಟಾಗ ನಿಮ್ಮ ಬೆಕ್ಕು ಚಿನ್ನಿಯನ್ನು ಪಕ್ಕದ ಮನೆಯವಳಾದ ನನಗೆ ಒಪ್ಪಿಸಿದಿರಿ. “ಪಕ್ಕದಾಗೆ ಕುಂತು ಬೆನ್ನು ಸವರಿದ್ರೇನೇ ಉಣ್ಣಾದು ಕಣೇ ವಿಮಲಾ. ತಟ್ಟೆ ಇಟ್ಟು ಬಂದ್ರೆ ಮೂಸಿನೂ ನೋಡಲ್ಲ” ಎಂದಿರಿ. ನಾನು ತಲೆಯಾಡಿಸಿದೆ. ಆಗ ಮದುವೆಗಳ ಕಾಲ, ನಮ್ಮ ನ್ಯಾಮತಿಯ ಅರ್ಧದಷ್ಟು ಹೆಂಗಸರ ರವಿಕೆಗಳು ನನ್ನ ಹೊಲಿಗೆ ಮಷಿನ್ನಿನ ಮುಂದೆ— ಇಲ್ಲ, ಅದನ್ನು ನೆಪವಾಗಿ ಹೇಳಬಾರದು. ಬೇಸರವಾಗುತ್ತಿತ್ತು, ಅಷ್ಟೇ. ಒಂದು ಬೆಕ್ಕಿಗೆ ಇಷ್ಟೊಂದು ಮುದ್ದೇ ಎಂದು... ಹಾಲನ್ನ ಇಟ್ಟು ಬರುತ್ತಿದ್ದೆ. ಸಂಜೆ ಅದು ಹಾಗೇ ಒಣಗಿರುತ್ತಿತ್ತು, ಹಿತ್ತಲಿಗೆ ಚೆಲ್ಲುತ್ತಿದ್ದೆ. ಅಷ್ಟರಲ್ಲಿ ನಿಮ್ಮ ಫೋನು. “ಚೆನ್ನಾಗಿ ಉಂಡೈತೆ ಅಕ್ಕಾ.” ಮೊದಲ ಸಲ ಹೇಳಿದ್ದು ನೀವು ಗಾಬರಿಯಾಗದಿರಲಿ ಎಂದು. ಆಮೇಲೆ ಹೇಳಿದ್ದು ಮೊದಲ ಸುಳ್ಳು ಹೊರಬೀಳದಿರಲಿ ಎಂದು.

ವಾರ ಕಳೆದು ನೀವು ಒಮ್ಮೆ ಮನೆ ನೋಡಿ ಹೋಗಲು ಬರುವ ಹೊತ್ತಿಗೆ ಚಿನ್ನಿಯ ಕಣ್ಣು, ಕಿವಿಯ ಒಳಗೆಲ್ಲ ಹಳದಿ. ಎದ್ದು ನಿಮ್ಮ ಬಳಿ ಬರಲೂ ಆಗಲಿಲ್ಲ. ಇಲ್ಲಿನ ಪಶುವೈದ್ಯರು ಕಾಮಾಲೆ ಎಂದು ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ನಾನೂ ಜೊತೆಗೆ ಬಂದೆ. “ಊಟ ಯಾವಾಗಿಂದ ಬಿಟ್ಟಿದೆ?” ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದಾಗ ನೀವು ನನ್ನತ್ತ ನೋಡಿದಿರಿ.

“ನಿನ್ನೆವರೆಗೂ ಉಂಡೈತೆ” ಎಂದೆ.

ಹಾಗಿದ್ದರೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ನಿಂತಿರಬಹುದು, ಹೊಟ್ಟೆ ಕೊಯ್ಯಬೇಕಾದೀತು ಎಂದರು ಅವರು. ಸಾದಾ ಸ್ಕ್ಯಾನಿಂಗಿನಲ್ಲಿ ನಾಳ ಸರಿಯಾಗಿ ಕಾಣಲಿಲ್ಲವೆಂದು ಎಂಆರ್‌ಐ ಮಾಡಿಸಬೇಕಾಯಿತು. ಬೆಕ್ಕು ಅಲುಗಾಡಬಾರದಲ್ಲ— ಅರಿವಳಿಕೆ ಕೊಡಲೇಬೇಕು. ಇಷ್ಟು ಸೋತ ಜೀವ ಮತ್ತೆ ಏಳದೆಯೂ ಇರಬಹುದು ಎಂದು ಮೊದಲೇ ತಿಳಿಸಿದರು. ಬಾಗಿಲಾಚೆ ಯಂತ್ರ ದಡದಡ ಬಡಿದುಕೊಳ್ಳುತ್ತಿದ್ದಷ್ಟು ಹೊತ್ತೂ ನೀವು ನನ್ನ ಕೈ ಹಿಡಿದು ಕೂತಿದ್ದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಚಿನ್ನಿ ಎದ್ದಳು. ಚಿತ್ರಗಳನ್ನು ನೋಡಿದ ಡಾಕ್ಟರಮ್ಮ, ಪಿತ್ತನಾಳ ತೆರೆದೇ ಇದೆ, ಮೇದೋಜೀರಕ ಗ್ರಂಥಿಯೂ ಚೆನ್ನಾಗಿದೆ, ಆದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಂಡಿದೆ ಎಂದರು. “ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಹೀಗಾಗುತ್ತೆ. ಇದು ನಿನ್ನೆ ಊಟ ಬಿಟ್ಟಿದ್ದಲ್ಲ.”

ನೀವು ನನ್ನ ಕಡೆ ತಿರುಗಲೂ ಇಲ್ಲ. “ತಪ್ಪು ನಂದೇ ರೀ ಡಾಕ್ಟ್ರೇ, ಬಿಟ್ಟು ಹೋಗಬಾರದಾಗಿತ್ತು. ಈಗ ಏನು ಮಾಡಾಕೆ ಆಗುತ್ತೆ ಹೇಳ್ರಿ” ಎಂದಿರಿ.

ನನ್ನ ಸುಳ್ಳು ಆವತ್ತೇ ನಿಮಗೆ ತಿಳಿದಿತ್ತೋ ಏನೋ— ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಚಿನ್ನಿಯ ಕತ್ತಿಗೆ ಹಾಕಿದ ನಳಿಕೆಯಲ್ಲಿ ವಾರಗಟ್ಟಲೆ ತೆಳ್ಳನೆಯ ಊಟ ಇಳಿಸಬೇಕಾದಾಗ ಸಿರಿಂಜನ್ನು ಮತ್ತೆ ನನ್ನ ಕೈಗೇ ಕೊಟ್ಟಿರಿ, ಅಕ್ಕಾ. ಬೇರೆ ಯಾರಾದರೂ ಕೊಡುತ್ತಿದ್ದರೇ? ಹಳದಿ ಇಳಿಯಿತು. ಚಿನ್ನಿ ಆಮೇಲೆ ಎಷ್ಟೋ ವರ್ಷ ಬದುಕಿದಳು. ಆ ಚಿತ್ರಗಳು ಸಿಗದಿದ್ದರೆ ನನ್ನ ಮಾತು ನಂಬಿ ಅವಳ ಹೊಟ್ಟೆ ಕೊಯ್ಯುತ್ತಿದ್ದರು. ಅದನ್ನು ತಪ್ಪಿಸಿದ ಆ ಯಂತ್ರಕ್ಕೆ, ಆ ಡಾಕ್ಟರಮ್ಮನಿಗೆ, ಎಲ್ಲರಿಗಿಂತ ಹೆಚ್ಚಾಗಿ ನಿಮಗೆ ನಾನು ಋಣಿ.

ಆದರೆ ಸುಧಾ ಇಂದಿಗೂ “ನಮ್ಮಮ್ಮಂಗೆ ಒಂದು ಬೆಕ್ಕು ನೋಡಿಕೊಳ್ಳಾಕೆ ಬರಲ್ಲ” ಎಂದು ಆಡಿಕೊಳ್ಳುತ್ತಾಳೆ. ನೀವು ನಕ್ಕುಬಿಡುತ್ತೀರಿ. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತೇನೆ.

ಈ ಭಾನುವಾರ ಅವಳು ಬರುತ್ತಾಳಂತೆ. ನಾನೂ ಬರುತ್ತೇನೆ. ನೀವು ತಡೆದರೂ ನಿಲ್ಲಿಸದೆ, ಅವಳ ಮುಂದೆ ಎಲ್ಲವನ್ನೂ ಹೇಳುತ್ತೇನೆ.