ಗಾಲಿ ಮೌನಪ್ಪ
ಕುರುಗೋಡಿನ ಬಡಿಗೇರ ಮೌನಪ್ಪನಿಗೆ ಗಾಲಿ ಎಂದರೆ ಗಾಲಿ. ಅದು ಎತ್ತಿನ ಬಂಡಿಯದಾದರೇನು, ಬಳ್ಳಾರಿಯ ಸಾಹುಕಾರ ಕೊಟ್ಟೂರಪ್ಪನವರ ರೇಸು ಕಾರಿನದಾದರೇನು. ಪಂದ್ಯದ ಹಿಂದಿನ ದಿನ ಕಾರಿನ ನಾಲ್ಕೂ ಗಾಲಿ ಬಿಚ್ಚಿ, ಬಂಡಿಯ ಮರದ ಗಾಲಿಯ ಹಾಗೆಯೇ ಉಬ್ಬಿ ಬಿಗಿಯಾಗಲಿ ಎಂದು ಹೊಂಡದಲ್ಲಿ ನೆನೆಹಾಕುತ್ತಾನೆ. "ಇದು ಉಕ್ಕಿಂದೈತೋ ಮೌನಪ್ಪ" ಎಂದು ಸಾಹುಕಾರರು ಗೋಗರೆದರೆ, "ಉಕ್ಕಿಗೂ ನೀರಡಿಕಿ ಆಗತೈತ್ರಿ" ಎನ್ನುತ್ತಾನೆ. ಪಂದ್ಯದ ದಿನ ಅವನ್ನು ಮತ್ತೆ ಕಾರಿಗೆ ಹಾಕಿ, ಒಂದೊಂದೇ ಗಾಲಿಯನ್ನು ಬೆರಳಿನಿಂದ ಬಡಿದು, ಸಂತೆಯಲ್ಲಿ ಮಡಕೆ ಕೊಳ್ಳುವವನಂತೆ ಕಿವಿಯಿಟ್ಟು ಕೇಳುತ್ತಾನೆ. ಬ್ರಿಟಿಷ್ ದೊರೆಗಳು ಬಿಟ್ಟುಹೋದ ಮೈದಾನದಲ್ಲಿ ಪಂದ್ಯ ನೋಡಲು ಸೇರಿದ ಜನವೆಲ್ಲ ನಗುತ್ತಾರೆ. ಮೌನಪ್ಪನೋ, ಕಾರಿನ ಸದ್ದಿಗೇ ಹತ್ತು ಮಾರು ಹಿಂದೆ ಸರಿಯುವ ಪುಕ್ಕಲ ಮನುಷ್ಯ. ಆದರೂ ಸಾಹುಕಾರರು ಹತ್ತುವ ಮುಂಚೆಯೇ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾನೆ. ಇಳಿಯಲು ಹೇಳಿದರೆ ಒಂದೇ ಮಾತು: "ಗಾಲಿ ಹಾಕಿದಾವ ಮೊದಲ ಸುತ್ತು ಕುಂದ್ರಬೇಕ್ರಿ. ಮುರಿದ್ರ ನಾನೂ ಇರಬೇಕಲ್ರಿ."