ಕಂಬಳಿ ಗಾಡಿಯಲ್ಲಿ ಪಾವಗಡಕ್ಕೆ

ಪಾವಗಡಕ್ಕೆ ನಾನು ಹೋದದ್ದು ಒಂದೇ ಸಲ. ಹೊರಟದ್ದು ಮಾರ್ಗಶಿರದ ಚಳಿಯಲ್ಲಿ, ಕೋಳಿ ಕೂಗುವ ಮುಂಚೆ. ಆಗ ಯುದ್ಧ ನಡೆಯುತ್ತಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ಜನ ಇಳಿದು ನೂಕಬೇಕಿತ್ತು. ನಮ್ಮ ಊರು ಮಧುಗಿರಿಯಿಂದ ಸಿರಾ ದಾರಿಯಲ್ಲಿ ಐದು ಮೈಲಿ. ಅಲ್ಲಿ ಆ ಬಸ್ಸೂ ನಿಲ್ಲುತ್ತಿರಲಿಲ್ಲ. ನಾವು ಹೋದದ್ದು ಸಿರಾದ ಹುಸೇನ್ ಸಾಬರ ಎತ್ತಿನ ಗಾಡಿಯಲ್ಲಿ. ಅವರು ಚಳಿಗಾಲ ಬಂತೆಂದರೆ ಸಿರಾ ಕಡೆ ನೇಯ್ದ ಕಂಬಳಿಗಳನ್ನು ಹೇರಿಕೊಂಡು ಪಾವಗಡಕ್ಕೆ ಮಾರಲು ಹೋಗುತ್ತಿದ್ದರು, ಬರುವಾಗ ಕಡಲೆಕಾಯಿ ತುಂಬಿಕೊಂಡು ಬರುತ್ತಿದ್ದರು. ಹಿಂದಿನ ಸಂಜೆ ನಮ್ಮ ಊರ ಹುಣಸೆ ತೋಪಿನಲ್ಲಿ ಗಾಡಿ ಬಿಟ್ಟಿದ್ದರು. ನಡುರಾತ್ರಿ ಹೋಗಿ ಎಬ್ಬಿಸಿ ಕೇಳಿದಾಗ ತಲೆಗೆ ನಾಲ್ಕಾಣೆ ಅಂದರು, ಮಗುವಿಗೆ ಪುಕ್ಕಟೆ.

ಹೋದದ್ದು ಆ ಮಗುವಿಗೆ ಬರೆ ಹಾಕಿಸುವುದಕ್ಕೆ.

ನನ್ನ ಮಗಳು ಲಕ್ಕಿಗೆ ಆಗ ಎರಡು ವರ್ಷ ತುಂಬಿ ನಾಲ್ಕು ತಿಂಗಳು. ಎರಡು ದಿನ ಮೂಗು ಸೋರಿತು, ಆಮೇಲೆ ದನಿ ಒಡೆಯಿತು. ಆ ರಾತ್ರಿ ಚೆನ್ನಾಗಿ ಮಲಗಿದ್ದವಳು ಇದ್ದಕ್ಕಿದ್ದಂತೆ ಎದ್ದು ಕೆಮ್ಮಿದಳು. ಮಗು ಕೆಮ್ಮಿದ ಹಾಗಿರಲಿಲ್ಲ, ನಾಯಿ ಬೊಗಳಿದ ಹಾಗಿತ್ತು. ಉಸಿರು ಒಳಕ್ಕೆ ಎಳೆದಾಗ ಗಂಟಲಲ್ಲಿ ಎಣ್ಣೆ ಕಾಣದ ರಾಟೆಯ ಸದ್ದು. ನನ್ನ ಅತ್ತೆ ದೀಪ ಹಿಡಿದು ನೋಡಿ, "ಸುಡಿಸ್ಬೇಕು" ಅಂದರು. ಅಷ್ಟೇ ಮಾತು.

ಎಳೆ ಮಕ್ಕಳಿಗೆ ದಮ್ಮು ಕಟ್ಟಿದರೆ ಕಬ್ಬಿಣ ಕಾಯಿಸಿ ಹೊಟ್ಟೆಯ ಮೇಲೆ ಬರೆ ಎಳೆಸುವುದು ನಮ್ಮ ಕಡೆಯ ರೂಢಿ. ನನ್ನ ಗಂಡನ ಹೊಟ್ಟೆಯ ಮೇಲೂ ಮೂರು ಇದ್ದವು. ಬರೆ ಹಾಕುವವರು ಹತ್ತಿರದಲ್ಲೂ ಇದ್ದರು, ಆದರೆ ಅತ್ತೆಯ ತವರು ಪಾವಗಡದ ಕಡೆ, ಅವರಿಗೆ ಅಲ್ಲಿ ಬರೆ ಹಾಕುವ ಒಬ್ಬ ತಾತನ ಕೈಯೇ ಆಗಬೇಕು. ಗಂಡನಿಗೆ ರಾಗಿ ಒಕ್ಕಣೆ, ಬರುವ ಹಾಗಿರಲಿಲ್ಲ. ನನಗೆ ಮನಸ್ಸಿರಲಿಲ್ಲ. ನನ್ನ ತವರು ಕೊರಟಗೆರೆಯಲ್ಲಿ ನನ್ನ ತಮ್ಮನಿಗೆ ಹಾಕಿಸಿದ ಬರೆ ಕೀವಾಗಿ ಅವನು ತಿಂಗಳು ಮಲಗಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಬೇಡ ಅಂದರೆ ಬೇರೆ ಏನು ಮಾಡಬೇಕು ಅನ್ನುವುದೂ ಗೊತ್ತಿರಲಿಲ್ಲ. ಗಾಡಿ ಹತ್ತಿದೆ.

ಗಾಡಿಯ ತುಂಬ ಕಂಬಳಿ. ಆ ಹಸಿ ಉಣ್ಣೆಯ ವಾಸನೆ ಈಗ ಎಲ್ಲೂ ಇಲ್ಲ, ಇವತ್ತಿಗೂ ಮೂಗಿನಲ್ಲಿದೆ. ಅತ್ತೆ ಎರಡು ಕಂಬಳಿ ಬಿಚ್ಚಿ ಗಾಡಿಯ ಹಿಂದಕ್ಕೊಂದು ಮುಂದಕ್ಕೊಂದು ಕಟ್ಟಿದರು. ಒಂದು ಕುಡಿಕೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಉದುರಿಸಿದರು. ಮಗುವಿಗೆ ಹೊರಗಿನ ಗಾಳಿ ಸೋಕಬಾರದು ಅನ್ನುವುದು ಅವರ ಕಟ್ಟಳೆ. ಹೊಗೆಯಲ್ಲಿ ನನಗೇ ಕಣ್ಣು ಬಿಡಲಾಗಲಿಲ್ಲ. ಮೂಕಿಯ ಮೇಲೆ ಕೂತು ಎತ್ತು ಹೊಡೆಯುತ್ತಿದ್ದ ಹುಸೇನ್ ಸಾಬರು, "ನಮ್ಮ ದರ್ಗಾದಾಗೂ ಇಷ್ಟು ಲೋಬಾನ ಹಾಕಲ್ಲ ಕಣಮ್ಮ" ಅಂದರು. ಅತ್ತೆ, ನೀನು ಎತ್ತು ನೋಡಿಕೋ ಅಂದರು.

ಮಧುಗಿರಿಗೆ ಬಂದಾಗ ಬಿಸಿಲು ಬೆಟ್ಟದ ನೆತ್ತಿಗೆ ಬಿದ್ದಿತ್ತು. ಅಷ್ಟು ದೊಡ್ಡ ಬಂಡೆ ಬೆಳಗಿನಲ್ಲಿ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಎತ್ತುಗಳಿಗೆ ನೀರು ಕುಡಿಸಿದರು. ನಾವು ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿ ತಿಂದೆವು. ಲಕ್ಕಿ ಗಾಡಿಯಿಂದ ಇಳಿದು ಎತ್ತಿನ ಗಂಟೆ ಮುಟ್ಟುತ್ತ ಆಡಿದಳು. ದನಿ ಒಡೆದಿತ್ತು, ಅಷ್ಟೇ. ರಾತ್ರಿ ಸಾಯುವ ಹಾಗೆ ಮಾಡಿದವಳು ಇವಳೇನಾ ಅನ್ನಿಸುತ್ತಿತ್ತು. ಇಲ್ಲಿ ಆಸ್ಪತ್ರೆಯಿದೆಯಲ್ಲ, ತೋರಿಸೋಣ ಅಂದೆ. ಹಗಲು ಆಡುವ ಮಗುವನ್ನು ಒಯ್ದರೆ ಡಾಕ್ಟರು ಏನು ನೋಡುತ್ತಾನೆ ಅಂದರು ಅತ್ತೆ.

ಅಲ್ಲಿಂದ ಮಿಡಿಗೇಶಿ ಹನ್ನೆರಡು ಮೈಲಿ ಅಂದರು. ದಾರಿಯುದ್ದಕ್ಕೂ ಹುಣಸೆ ಮರ, ಆಚೀಚೆ ಹೊಲದಲ್ಲಿ ಅವರೆ ಹೂವು. ಎದುರಿಗೆ ಬಂದ ಗಾಡಿಯವರೆಲ್ಲ ಸಾಬರನ್ನು ಮಾತಾಡಿಸುವರು. ಮಳೆ ಎಷ್ಟಾಯಿತು, ಎತ್ತಿಗೆ ಎಷ್ಟು ಕೊಟ್ಟೆ ಅನ್ನುವರು. ಯಾರಿಗೂ ಆತುರವಿಲ್ಲ. ಈಗ ಮೊಮ್ಮಗ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರೆ ಮರ ಯಾವುದು ಅಂತ ತಿಳಿಯುವ ಮುಂಚೆ ಮರ ಹಿಂದಕ್ಕೆ ಹೋಗಿರುತ್ತದೆ.

ಮಿಡಿಗೇಶಿಗೆ ಮುಟ್ಟಿದಾಗ ಸೂರ್ಯ ಕೋಟೆ ಬೆಟ್ಟದ ಹಿಂದಕ್ಕೆ ಇಳಿದಿದ್ದ. ಮೂರು ಕಲ್ಲು ಹೂಡಿ ಮುದ್ದೆ ತಿರುವಿದೆ, ಅವರೆಕಾಳಿನ ಸಾರು ಮಾಡಿದೆ. ಆ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಆದರೂ ಅಂಥ ರುಚಿಯ ಸಾರು ಆಮೇಲೆ ನಾನು ಮಾಡಿಲ್ಲ. ಲಕ್ಕಿ ಎರಡು ತುತ್ತು ನುಂಗಿ ಮಲಗಿದಳು. ಅತ್ತೆ ಮತ್ತೆ ಎರಡೂ ಕಡೆ ಕಂಬಳಿ ಇಳಿಬಿಟ್ಟರು, ಕೆಂಡ ತುಂಬಿದರು.

ಒಂದು ನಿದ್ದೆ ಆಗಿರಬೇಕು. ಮತ್ತೆ ಅದೇ ಬೊಗಳು. ಈ ಸಲ ಹಿಂದಿನ ರಾತ್ರಿಗಿಂತ ಜೋರು. ಒಂದೊಂದು ಉಸಿರಿಗೂ ಗಂಟಲು ಕೂಗುತ್ತಿತ್ತು, ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಗುಳಿ ಬೀಳುತ್ತಿತ್ತು. ಅತ್ತೆ ಮಗುವನ್ನು ಅಂಗಾತ ಮಲಗಿಸಿ ಬಜೆ ತೇದು ಬೆರಳಿನಿಂದ ಗಂಟಲಿಗೆ ತುರುಕಲು ಹೋದರು. ಮಗು ಹೆದರಿ ಅತ್ತಿತು, ಅತ್ತಷ್ಟೂ ಉಸಿರು ಸಿಕ್ಕಿಕೊಂಡಿತು. ನಾನು ಕಿತ್ತುಕೊಂಡು ಗಾಡಿಯಿಂದ ಧುಮುಕಿದೆ. ಏನೋ ತಿಳಿದು ಮಾಡಿದ್ದಲ್ಲ. ಆ ಹೊಗೆಯಲ್ಲಿ ಮಗು ಸಾಯುವುದನ್ನು ನೋಡಲು ಆಗಲಿಲ್ಲ, ಅಷ್ಟೇ.

ಹೊರಗೆ ಕೊರೆಯುವ ಚಳಿ. ಎದೆಗೆ ನೆಟ್ಟಗೆ ಒರಗಿಸಿಕೊಂಡು ಹುಣಸೆ ಮರದ ಸುತ್ತ ನಡೆದೆ. ಮೂರು ಸುತ್ತೋ ನಾಲ್ಕೋ. ಅಳು ನಿಂತಿತು. ಕೂಗು ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ ಮಗು ಹೆಗಲ ಮೇಲೆ ತಲೆಯಿಟ್ಟಿತು. ದೇವರು ಕಣ್ಣು ಬಿಟ್ಟ, ಒಳಗೆ ಬಾ ಅಂದರು ಅತ್ತೆ. ಒಳಗೆ ಹೋದೆ. ನಾಲ್ಕು ಬೊಗಸೆ ನೀರು ಕುಡಿಯುವಷ್ಟು ಹೊತ್ತಿಲ್ಲ, ಮತ್ತೆ ಶುರುವಾಯಿತು. ಮತ್ತೆ ಇಳಿದೆ, ಮತ್ತೆ ಇಳಿಮುಖವಾಯಿತು. ಎರಡು ಸಲ ನೋಡಿದ ಮೇಲೆ ಮೂರನೆಯ ಸಲ ನಾನು ಗಾಡಿಯ ಒಳಕ್ಕೆ ಹೋಗಲಿಲ್ಲ.

ಗಾಡಿಯ ಕೆಳಗೆ ಮಲಗಿದ್ದ ಹುಸೇನ್ ಸಾಬರು ಎದ್ದು ಒಂದು ಹೊಸ ಕಂಬಳಿ ತಂದು ನನಗೂ ಮಗುವಿಗೂ ಹೊದಿಸಿ, ಮುಖ ಮಾತ್ರ ಹೊರಗೆ ಬಿಟ್ಟರು. "ಮೈ ಬೆಚ್ಚಗಿರ್ಲಿ ತಂಗಿ, ಮೂಗಿಗೆ ಹವಾ ಬುಡು" ಅಂದರು. ಮಾರುವ ಕಂಬಳಿ ಅದು. ಬೆಳಗಿನವರೆಗೆ ಅದರಲ್ಲೇ ಕೂತಿದ್ದೆ.

ಮಾರನೆಯ ದಿನ ಅತ್ತೆ ನನ್ನ ಕೂಡ ಮಾತಾಡಲಿಲ್ಲ. ನಾನು ಗಾಡಿಯ ಹಿಂದೆ ಮಗುವನ್ನು ಎತ್ತಿಕೊಂಡು ನಡೆದೆ, ಕಾಲು ಸೋತಾಗ ಹಿಂದಿನ ಹಲಗೆಯ ಮೇಲೆ ಕೂತೆ. ಪಾವಗಡ ಹತ್ತಿರವಾದಂತೆ ಜನರ ಮಾತು ತೆಲುಗಿಗೆ ತಿರುಗಿತು. ಅತ್ತೆಯ ಮುಖ ಆಗ ಸ್ವಲ್ಪ ಅರಳಿತು, ತವರಿನ ಮಾತು. ಊರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು.

ಬರೆ ಹಾಕುವ ತಾತನ ಮನೆ ಊರಾಚೆ, ಬೆಟ್ಟ ಕಾಣುವ ಹಾಗಿತ್ತು. ಕೆಟ್ಟ ಮನುಷ್ಯನಲ್ಲ. ಕೈ ತೊಳೆದು ಬಂದು ಮಗುವಿನ ಬೆನ್ನಿಗೆ ಕಿವಿಯಿಟ್ಟ. ಬಹಳ ಹೊತ್ತು ಕೇಳಿ, "ಇಪ್ಪುಡು ದಮ್ಮು ಲೇದಮ್ಮ" ಅಂದ. ಈಗ ದಮ್ಮಿಲ್ಲ, ದಮ್ಮು ಏರಿದಾಗ ಎಳೆದರೇ ಬರೆ ಹಿಡಿಯುವುದು, ತಣ್ಣಗಿರುವ ಮಗುವನ್ನು ಸುಟ್ಟರೆ ನನ್ನ ಕೈಗೆ ಪಾಪ ಸುತ್ತಿಕೊಳ್ಳುತ್ತದೆ, ಕತ್ತಲಾಗಲಿ, ಇಲ್ಲೇ ಇರಿ ಅಂದ. ಅದು ಅವನ ನೇಮ. ಅತ್ತೆ ಒಪ್ಪಿ ಜಗಲಿಯ ಮೇಲೆ ಸೆರಗು ಹಾಸಿ ಮಲಗಿದರು. ಎರಡು ರಾತ್ರಿ ಅವರೂ ಕಣ್ಣು ಮುಚ್ಚಿರಲಿಲ್ಲ.

ಅವರಿಗೆ ನಿದ್ದೆ ಹತ್ತಿದ ಮೇಲೆ ಮಗುವನ್ನು ಎತ್ತಿಕೊಂಡು ಪೇಟೆಗೆ ಬಂದೆ. ಹುಸೇನ್ ಸಾಬರು ಕಂಬಳಿ ಹರಡಿಕೊಂಡು ಕೂತಿದ್ದರು. ಅವರೇ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸಿದರು.

ಡಾಕ್ಟರು ಹರೆಯದವರು, ಮೈಸೂರಿನ ಕಡೆಯ ಮಾತು. ನಾನು ಮಗುವನ್ನು ಮೇಜಿನ ಮೇಲೆ ಮಲಗಿಸಲು ಹೋದರೆ ತಡೆದರು. ತೊಡೆಯ ಮೇಲೇ ಇರಲಿ, ಅಳಿಸಬೇಡಿ ಅಂದರು. ಆಚೆ ಗಾಳಿಗೆ ತಂದರೆ ದಮ್ಮು ಇಳಿಯುತ್ತದೆ ಅಂದೆ. ಕೆಮ್ಮು ಹೇಗಿದೆ ಅಂದಾಗ ನಾನೇ ಬೊಗಳಿ ತೋರಿಸಿದೆ. ಅವರು ನಗಲಿಲ್ಲ. ಮಗು ಆಕಳಿಸುವವರೆಗೆ ಕಾದು, ಆಗ ಬಾಯೊಳಗೆ ಬೆಳಕು ಬಿಟ್ಟು ನೋಡಿದರು.

"ಗಂಟಲಮಾರಿ ಅಲ್ಲಮ್ಮ. ಅದಾದರೆ ಒಳಗೆ ಬಿಳೀ ಪೊರೆ ಕಟ್ಟಿರುತ್ತೆ, ಅದು ಗಾಳಿಗೆ ಹೋಗೋದಲ್ಲ. ಇದು ಶೀತಕ್ಕೆ ಉಸಿರಿನ ದಾರಿ ಊದಿಕೊಂಡಿರೋದು. ಮಕ್ಕಳಿಗೆ ಆ ದಾರಿ ಹುಲ್ಲಿನ ಕಡ್ಡಿಯಷ್ಟು ಸಣ್ಣದು. ರಾತ್ರಿ ಬರುತ್ತೆ, ಹಗಲು ಇಳಿಯುತ್ತೆ. ಮೂರು ನಾಲ್ಕು ರಾತ್ರಿ."

ಮಾಡಬೇಕಾದ್ದನ್ನೂ ಹೇಳಿದರು. ನೆಟ್ಟಗೆ ಕೂರಿಸಿಕೊಳ್ಳಿ, ಹೆದರಿಸಬೇಡಿ, ಗಂಟಲಿಗೆ ಏನೂ ತುರುಕಬೇಡಿ, ಹೊಗೆ ಬೇಡ, ತಣ್ಣನೆಯ ಗಾಳಿಗೆ ಹಿಡಿಯಿರಿ, ಕುಡಿಯಲು ಗುಟುಕು ಗುಟುಕಾಗಿ ಕೊಡಿ. ಸುಮ್ಮನೆ ಕೂತಾಗಲೂ ಗಂಟಲು ಕೂಗುತ್ತಲೇ ಇದ್ದರೆ, ಪಕ್ಕೆ ಗುಳಿ ಬೀಳುತ್ತಿದ್ದರೆ, ಜೊಲ್ಲು ನುಂಗಲಾಗದೆ ಸುರಿಸಿದರೆ, ತುಟಿ ನೀಲಿಯಾದರೆ, ಮಗು ಸೋತು ಜೋತುಬಿದ್ದರೆ ಒಂದು ಗಳಿಗೆಯೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಯಾವ ಹೊತ್ತಾದರೂ ಬಂದು ನನ್ನ ಬಾಗಿಲು ಬಡಿಯಿರಿ ಅಂದರು. ಮಿಡಿಗೇಶಿಯ ರಾತ್ರಿ ಪಕ್ಕೆ ಗುಳಿ ಬಿದ್ದಿತ್ತು ಅಂದೆ. ಅಂಥ ಹೊತ್ತಿನಲ್ಲಿ ಮಗುವನ್ನು ಇಟ್ಟುಕೊಂಡು ಬೆಳಗಾಗಲಿ ಅಂತ ಕಾಯಬಾರದು, ನಿಮ್ಮ ಪುಣ್ಯ ಇಳಿಯಿತು ಅಂದರು. ಔಷಧದ ನೀರಿಗೆ ಸೀಸೆ ನಾವೇ ಒಯ್ಯಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. ಬರಿಗೈಯಲ್ಲಿ ಬಂದೆ. ಆದರೆ ಹೋದಾಗಿನ ಹಾಗೆ ಬರಲಿಲ್ಲ.

ಅತ್ತೆ ಎದ್ದು ಕೂತಿದ್ದರು. ಎಲ್ಲ ಹೇಳಿದೆ. "ಊದ್ಕಂಡಿರೋದು ಗಾಳಿಗೆ ಹೋಯ್ತದಂತಾ? ಆ ಹೈದಂಗೆ ಮಕ್ಕಳೆಷ್ಟು?" ಅಂದರು. ಡಾಕ್ಟರಿಗೆ ಮದುವೆಯಾಗಿದೆಯೋ ಇಲ್ಲವೋ ನಾನು ಕೇಳಿರಲಿಲ್ಲ.

ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಲಕ್ಕಿ ಕೆಮ್ಮಿದಳು. ತಾತ ಎದ್ದು ಕೆಂಡ ಕೆದಕಿ ಕುಡುಗೋಲಿನ ತುದಿಯನ್ನು ಒಳಗಿಟ್ಟ. ಅತ್ತೆ ಕೈ ಚಾಚಿದರು. ನಾನು ಮಗುವನ್ನು ಕೊಡಲಿಲ್ಲ.

"ಅತ್ತೆಮ್ಮ, ಆ ಕಬ್ಬಿಣ ಕಾಯೋಗಂಟ ಆಚೆ ಕೂತಿರ್ತೀನಿ. ಕಾದ್ಮೇಲೂ ಇಂಗೇ ಕೂಗ್ತಿದ್ರೆ ಕಾಲು ನಾನೇ ಹಿಡ್ಕಂತೀನಿ."

ಹೇಳಿದ್ದು ನಿಜ. ಹಿಡಿದುಕೊಳ್ಳುತ್ತಿದ್ದೆ. ಡಾಕ್ಟರು ಒಂದು ಹೇಳಿದ್ದರು, ಊರೆಲ್ಲ ಒಂದು ಹೇಳುತ್ತಿತ್ತು; ನಾನು ಯಾವ ಲೆಕ್ಕದವಳು?

ಅಂಗಳದಲ್ಲಿ ಗಾಳಿಗೆ ಮುಖ ಮಾಡಿ ಕೂತು ಮಗುವನ್ನು ನೆಟ್ಟಗೆ ತೊಡೆಯ ಮೇಲೆ ಇಟ್ಟುಕೊಂಡೆ. ತಾತನ ಮನೆಯ ಮೇಕೆಮರಿ ತೋರಿಸಿದೆ. ಏನೇನೋ ಹೇಳಿದೆ. ನನ್ನ ದನಿ ನಡುಗದ ಹಾಗೆ ನೋಡಿಕೊಂಡೆ, ಅದು ಎಲ್ಲಕ್ಕಿಂತ ಕಷ್ಟವಾಯಿತು. ತಾತ ಕೆಂಪಗೆ ಕಾದ ಕುಡುಗೋಲು ಹಿಡಿದು ಬಂದು ಬಗ್ಗಿ ಕಿವಿಯಿಟ್ಟ. "ತಗ್ಗಿಂದಿ" ಅಂದು, ಇಳಿದಿದೆ ಅಂತ ಹಿಂದಕ್ಕೆ ಹೋದ. ಮತ್ತೆ ಒಂದಷ್ಟು ಕೆಮ್ಮಿದಳು, ಮತ್ತೆ ಅವನು ಕಾಯಿಸಿ ತಂದ. ಆ ಹೊತ್ತಿಗೆ ಮಗು ಮೇಕೆಮರಿಯ ಕಿವಿ ಹಿಡಿದು ಕೂತಿತ್ತು. ಕಬ್ಬಿಣ ತಣ್ಣಗಾಗುವವರೆಗೆ ನಿಂತು ನೋಡಿದ. ಮೂರನೆಯ ಸಲ ಅವನು ಏಳಲಿಲ್ಲ. ನನ್ನ ಇದ್ದಿಲು ದಂಡ ಅಂತ ಗೊಣಗಿಕೊಂಡು ಕೆಂಡಕ್ಕೆ ಬೂದಿ ಮುಚ್ಚಿ ಮಲಗಿಬಿಟ್ಟ. ಅತ್ತೆ ಹೊಸಿಲಿನ ಮೇಲೆ ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ ಬಂದು ನನ್ನ ಬೆನ್ನಿಗೆ ಕಂಬಳಿ ಹಾಕಿ ಹೋದರು.

ಹಿಂದಿರುಗುವಾಗ ಗಾಡಿಯ ತುಂಬ ಕಡಲೆಕಾಯಿ ಮೂಟೆ. ಮೇಲೆ ಕೂತರೆ ಸರಸರ ಅನ್ನುತ್ತಿತ್ತು. ಕಂಬಳಿ ಕಟ್ಟುವ ಮಾತು ಯಾರೂ ಎತ್ತಲಿಲ್ಲ. ನಾಲ್ಕೈದು ಮೈಲಿ ಬಂದಿರಬೇಕು. ಅತ್ತೆ ದಾರಿಯ ಕಡೆ ನೋಡುತ್ತಲೇ ಮಾತು ತೆಗೆದರು.

"ನಿನ್ನ ಗಂಡನಿಗಿಂತ ಮುಂಚೆ ನಂಗೊಂದು ಗಂಡು ಮಗ ಇತ್ತು ಕಣಮ್ಮಿ. ಮೂರು ವರ್ಷದ್ದು. ಇಂಗೇ ದಮ್ಮು ಕಟ್ತು. ಎರಡು ದಿನ ಬಾಗ್ಲು ತೆಗೀನಿಲ್ಲ ನಾನು. ಹೊಗೆ ಹಾಕ್ದೆ. ಸುಡ್ಸಕ್ಕೆ ತಡ ಮಾಡ್ದೆ, ಅದಕ್ಕೆ ಹೋಯ್ತು ಅಂದ್ರು ಎಲ್ಲ."

ಆ ಮನೆಗೆ ಬಂದು ಆರು ವರ್ಷವಾಗಿತ್ತು. ಹೀಗೊಂದು ಮಗುವಿತ್ತು ಅಂತ ಯಾರೂ ನನಗೆ ಹೇಳಿರಲಿಲ್ಲ.

ಅತ್ತೆ ಮೂಟೆಯಿಂದ ಉದುರಿದ ಒಂದು ಕಾಯಿ ಹೆಕ್ಕಿ, "ಬಾಗ್ಲು ತೆಗ್ದು ಆಚೆಗೆ ತಂದಿದ್ರೆ ಉಳೀತಿತ್ತೇನೋ?" ಅಂದರು.

"ನಿಮ್ದು ಗಂಟಲಮಾರಿ ಅತ್ತೆಮ್ಮ. ಅದು ಗಾಳಿಗೆ ಹೋಗಲ್ಲಂತೆ, ಡಾಕ್ಟ್ರೇ ಹೇಳಿದ್ರು."

"ಗಂಟ್ಲೊಳಗೆ ಯಾರು ನೋಡಿದ್ರು?"

"ಬಿಳೀ ಪೊರೆ ಇದ್ದೇ ಇತ್ತು. ಬುಡಿ."

ಅವರು ತಲೆಯಾಡಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ತೊಡೆಯಿಂದ ಲಕ್ಕಿಯನ್ನು ಎತ್ತಿ, ಮುಂದಕ್ಕೆ ಜರುಗಿ ಗಾಳಿಗೆ ಎದುರಾಗಿ ಕೂತರು. ನಾನು ಹಿಂದಕ್ಕೆ ತಿರುಗಿದೆ. ಪಾವಗಡದ ಬೆಟ್ಟ ಒಂದು ಮೂಟೆಯಷ್ಟಾಗಿತ್ತು.

ಅತ್ತೆಯ ಆ ಮಗುವಿಗೆ ಬಂದದ್ದು ಯಾವುದೋ ನನಗೆ ಆಗ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.