ಎಲ್ಲಿಗೆ ಎಂದು ಕೇಳಬಾರದು

ನಲವತ್ತೇಳನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಮೊದಲ ಸಂದರ್ಶನ ಬರಬಾರದು. ಬಂದರೂ ಮನೆಯಲ್ಲಿ ಪಿಯುಸಿ ಓದುವ ಮಗಳಿರಬಾರದು. ನನಗೆ ಎರಡೂ ಒಟ್ಟಿಗೇ ಆಗಿ ಬಂದವು.

ಇಪ್ಪತ್ತೊಂದು ವರ್ಷ ನಾನು ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿದ್ದೆ. ಸೀರೆ ಬಿಚ್ಚಿ ತೋರಿಸುವುದು, ಗಿರಾಕಿ ಎದ್ದು ಹೋದ ಮೇಲೆ ಮಡಿಸುವುದು, ಇಷ್ಟೇ ಕೆಲಸ. ಅದಕ್ಕೆ ಸಂದರ್ಶನವೇನೂ ನಡೆದಿರಲಿಲ್ಲ. ಅಪ್ಪ ನಮ್ಮೂರು ಸತ್ತೇಗಾಲದಿಂದ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಸಾಹುಕಾರರ ಮುಂದೆ ನಿಲ್ಲಿಸಿದರು. ಸಾಹುಕಾರರು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಅಂಗೈ ತಿರುಗಿಸಿ ನೋಡಿದರು. "ಕೈ ಒರಟಿಲ್ಲ, ಸೀರೆ ದಾರ ಎಳಿಯಕಿಲ್ಲ. ನಾಳಿಂದ ಬರ್ಲಿ" ಎಂದರು. ಮಾರನೆಯ ದಿನದಿಂದ ನಾನು ಹೋದೆ.

ಈಗ ಸಾಹುಕಾರರಿಗೆ ವಯಸ್ಸಾಗಿ ಅಂಗಡಿ ಮುಚ್ಚಿದರು. ಮೂರು ತಿಂಗಳು ನಾನು ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾಲು ಬಾಗಿಲ ಕಡೆಗೆ ಎಳೆಯುತ್ತಿತ್ತು, ಕೈ ಏನಾದರೂ ಮಡಿಸಬೇಕೆಂದು ಹಂಬಲಿಸುತ್ತಿತ್ತು. ಹೊದಿಕೆ, ಟವೆಲ್ಲು, ನಿನ್ನೆಯ ಪೇಪರು ಎಲ್ಲ ಮಡಿಸಿ ಮುಗಿದವು. ಕೊನೆಗೆ ಹೆಂಡತಿ ರತ್ನ ತಟ್ಟೆಗೆ ಹಾಕಿದ ದೋಸೆಯನ್ನೂ ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಎದುರಿಗಿಟ್ಟುಕೊಂಡು ಕೂತಿದ್ದೆ. "ಮಡಿಸಿದ್ದಾಯ್ತಲ್ಲ, ಈಗ ತಿನ್ನಿ" ಎಂದಳು. ನಗುತ್ತಲೇ ಹೇಳಿದಳು, ಆದರೆ ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ಉಜ್ಜಿದಳು.

ಆಗ ನಾನು ಅರ್ಜಿ ಹಾಕಿದ್ದ ಹನೂರಿನ ಒಂದು ಖಾಸಗಿ ಶಾಲೆಯಿಂದ ಕರೆ ಬಂತು. ಆಫೀಸಿನಲ್ಲಿ ಕೂತು ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರನ್ನು ಮಾತಾಡಿಸುವ ಕೆಲಸ. ಬರುವ ಬುಧವಾರ ಹನ್ನೊಂದಕ್ಕೆ ಸಂದರ್ಶನ. ಆ ಗಳಿಗೆಯಿಂದ ನಮ್ಮ ಮನೆಯ ಆಡಳಿತ ಮಗಳು ಸಿಂಧುವಿನ ಕೈಗೆ ಹೋಯಿತು.

ಅವಳು ಮೊಬೈಲಿನಲ್ಲಿ ನೋಡಿ ಇಪ್ಪತ್ತು ಪ್ರಶ್ನೆ ಬರೆದುಕೊಂಡಳು. ದಿನಾ ಸಂಜೆ ಅವಳು ಕುರ್ಚಿಯಲ್ಲಿ, ನಾನು ಸ್ಟೂಲಿನಲ್ಲಿ. ಮೊದಲ ಪ್ರಶ್ನೆ, ನಿಮ್ಮ ಬಗ್ಗೆ ಹೇಳಿ. ನಾನು ಗಂಟಲು ಸರಿಮಾಡಿಕೊಂಡು ನಮ್ಮ ಊರು, ನಮ್ಮ ಅಪ್ಪ, ಅಪ್ಪನ ಅಪ್ಪ, ಮನೆದೇವರು ಎಂದು ಶುರುಮಾಡಿದೆ.

"ಅಪ್ಪ, ಮನೆದೇವ್ರುನ್ನ ಯಾರ್ ಕೇಳುದ್ರು? ನಿನ್ ಬಗ್ಗೆ ಯೋಳು."

ನನ್ನ ಬಗ್ಗೆ ಎಂದು ಹುಡುಕಿದರೆ, ಇವರನ್ನೆಲ್ಲ ಕಳೆದ ಮೇಲೆ, ಕೈ ಒರಟಿಲ್ಲ ಎನ್ನುವುದೊಂದೇ ಉಳಿಯಿತು. ಅದನ್ನೇ ಹೇಳಿದೆ. ಸಿಂಧು ಹಣೆ ಚಚ್ಚಿಕೊಂಡಳು. ಇನ್ನೊಂದು ಪ್ರಶ್ನೆ, ನಿಮ್ಮ ದೌರ್ಬಲ್ಯವೇನು. ನಾನು ಯೋಚಿಸುವಷ್ಟರಲ್ಲಿ ಅಡುಗೆಮನೆಯಿಂದ ರತ್ನ ಒಂದೊಂದಾಗಿ ಹೇಳತೊಡಗಿದಳು, ಒಗ್ಗರಣೆ ಸೀದರೂ ನಿಲ್ಲಿಸಲಿಲ್ಲ.

ಅವಳಿಗೆ ಇದೆಲ್ಲ ಹಬ್ಬವಾಗಿತ್ತು. ಸಂದರ್ಶನವೆಂದರೆ ಚೆನ್ನಾಗಿ ನೋಡುವುದು ತಾನೇ. ಹಾಗೆ ನೋಡಿದರೆ ನಮ್ಮ ದೇಶದಲ್ಲಿ ಹೆಣ್ಣುಮಕ್ಕಳೆಲ್ಲ ಒಮ್ಮೆಯಾದರೂ ಅದನ್ನು ಎದುರಿಸಿದವರೇ. ಯಳಂದೂರಿನ ಅವಳ ಮನೆಗೆ ನಾವು ಏಳು ಜನ ಹೋಗಿ, ಉಪ್ಪಿಟ್ಟು ತಿಂದು, ಹಾಡು ಬರುತ್ತದಾ, ರಾಗಿ ಮುದ್ದೆ ತೊಳಸಲು ಬರುತ್ತದಾ ಎಂದು ಕೇಳಿ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಬಂದಿದ್ದೆವು. "ತಿಳಿಸ್ತೀವಿ ಅಂತ ಅಂದು ಒಂಬತ್ ದಿನ ಕಾಯ್ಸುದ್ರಿ. ಆ ಒಂಬತ್ ದಿನ ನಂಗೆ ಎಂಗಿತ್ತು ಅಂತ ಈಗ ಗೊತ್ತಾಗ್ಲಿ" ಎಂದಳು. ನನಗೆ ಆಗಲೇ ಗೊತ್ತಾಗತೊಡಗಿತ್ತು.

ಇಪ್ಪತ್ತು ಪ್ರಶ್ನೆಗೂ ಉತ್ತರ ಬಾಯಿಪಾಠವಾಯಿತು. ಆದರೆ ನನ್ನ ಚಡಪಡಿಕೆಗೆ ಕಾರಣವಾಗಿದ್ದು ಆ ಪಟ್ಟಿಯಲ್ಲಿಲ್ಲದ ಇನ್ನೊಂದು ಪ್ರಶ್ನೆ.

ನಿಮಗೂ ಗೊತ್ತಿರಬಹುದು, ನಮ್ಮ ಕಡೆ ಒಳ್ಳೆಯ ಕಾರ್ಯಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಕೆಲಸ ಕೆಡುತ್ತದೆ. ಕೇಳಿಸಿಕೊಂಡವನು ಮನೆಗೆ ವಾಪಸು ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ತಿಳಿದವರು "ದೂರ ಒರ್ಟಂಗದೆ?" ಎಂದು ಗಾಳಿಯಲ್ಲಿ ಬಿಡುತ್ತಾರೆ. ಹೇಳುವ ಮನಸ್ಸಿದ್ದವನು ಹೇಳುತ್ತಾನೆ, ಇಲ್ಲದವನು ಹ್ಞೂಂ ಎಂದು ನಡೆಯುತ್ತಾನೆ. ಯೋಚಿಸಿದರೆ ಈ ಪ್ರಶ್ನೆಗೆ ಅಂಜುವವರು ನಾವಷ್ಟೇ ಅಲ್ಲ. ತತ್ವಪದ ಹಾಡುವವರು ಎಲ್ಲಿಂದ ಬಂದೆ ಎಂದು ಸಲೀಸಾಗಿ ಕೇಳುತ್ತಾರೆ, ಎಲ್ಲಿಗೆ ಹೋಗುವೆ ಎನ್ನುವಲ್ಲಿ ತಂಬೂರಿಯನ್ನು ತುಸು ಜೋರುಮಾಡುತ್ತಾರೆ. ಪುರಾಣದ ದೇವರುಗಳು ಕೂಡ ಭಕ್ತನನ್ನು ಏನು ಬೇಕು ಎಂದು ಕೇಳಿದ್ದಾರೆಯೇ ಹೊರತು ಎಲ್ಲಿಗೆ ಹೊರಟೆ ಎಂದು ಕೇಳಿದ ಹಾಗಿಲ್ಲ.

ಆದರೆ ನಮ್ಮ ಬೀದಿಯ ಪುಟ್ಟತಾಯವ್ವ ದೇವರಲ್ಲ. ಎಂಬತ್ತರ ಹತ್ತಿರದ ಮುದುಕಿ, ಬೆಳಗಾದರೆ ಜಗಲಿಯ ಮೇಲೆ. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನಿಗೂ "ಎಲ್ಲಿಗ್ಲಾ?" ಎಂದು ಕೇಳದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. ದಿನದ ಓಡಾಟಕ್ಕೆ ಅದು ನಮಸ್ಕಾರವಿದ್ದ ಹಾಗೆ, ದೋಷವೇನಿಲ್ಲ. ಇಪ್ಪತ್ತೊಂದು ವರ್ಷ ನನ್ನನ್ನೂ ಕೇಳಿದಳು. "ಅಂಗ್ಡಿಗೆ ಕಣ್ ದೊಡ್ಡವ್ವ" ಎಂದು ನಾನೂ ಇಪ್ಪತ್ತೊಂದು ವರ್ಷ ಹೇಳಿದೆ. ಮದುವೆ ಮಾತುಕತೆ, ಕೋರ್ಟು, ಪರೀಕ್ಷೆ ಇದ್ದವರು ಮಾತ್ರ ಹಿಂದಿನ ಕಬ್ಬಿನ ಗದ್ದೆಯ ಬದುವಿನ ಮೇಲೆ ಸುತ್ತಿಹೋಗುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಒಂದು ದಿನ ಕೇಳಿದಾಗ "ಎಲ್ಗೂ ಇಲ್ಲ ದೊಡ್ಡವ್ವ" ಎಂದೆ. ಅವಳು ನನ್ನನ್ನು ಕೇಳುವುದನ್ನೇ ಬಿಟ್ಟಳು. ನಾನು ಜಗಲಿ ದಾಟುವಾಗ ಸುಮ್ಮನೆ ಸೊಪ್ಪು ಬಿಡಿಸುತ್ತಿದ್ದಳು. ಆ ಸುಮ್ಮನಿರುವಿಕೆ ನನಗೆ ಬಹಳ ನೋವು ಮಾಡಿತು ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಬುಧವಾರ ಇಸ್ತ್ರಿಯ ಅಂಗಿ ತೊಟ್ಟು, ಫೈಲು ಕಂಕುಳಲ್ಲಿಟ್ಟು, ಕಬ್ಬಿನ ಗದ್ದೆಯ ಬದು ಹಿಡಿದೆ. ತಿರುವಿನಲ್ಲಿ ನೋಡಿದರೆ ಪುಟ್ಟತಾಯವ್ವ ಅಲ್ಲೇ ಮೇಕೆ ಕಟ್ಟುತ್ತಿದ್ದಾಳೆ. ಇಬ್ಬರೂ ನಿಂತೆವು. ಅವಳು ನನ್ನ ಅಂಗಿ ನೋಡಿದಳು, ಫೈಲು ನೋಡಿದಳು. ಬಾಯಿ ತೆರೆಯಿತು. ತಟ್ಟನೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ತೆಂಗಿನ ಮರದ ಕಡೆ ತಿರುಗಿ ನಿಂತುಬಿಟ್ಟಳು. ಅಷ್ಟು ಕಷ್ಟದ ಕೆಲಸವನ್ನು ಯಾರೂ ನನಗಾಗಿ ಮಾಡಿದ್ದಿಲ್ಲ. ನಾನು ಉಸಿರು ಬಿಗಿಹಿಡಿದು ದಾಟಿದೆ.

ಕೊಳ್ಳೇಗಾಲದಲ್ಲಿ, ಹನೂರಿನ ಮೇಲೆ ಹೋಗುವ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದೆ. ಕಂಡಕ್ಟರಿಗೆ ಈ ಶಾಸ್ತ್ರದಿಂದ ವಿನಾಯಿತಿಯಿದೆಯೋ ಇಲ್ಲವೋ ಹಿರಿಯರು ಹೇಳಿಲ್ಲ. ಆತ ಬಾಯಿ ತೆರೆಯುವ ಮೊದಲೇ, ಇನ್ನೂ ನಾಲ್ಕು ಸೀಟು ದೂರವಿರುವಾಗಲೇ, ಹನೂರು ಒಂದು ಎಂದು ಕೂಗಿಬಿಟ್ಟೆ. ಬಸ್ಸಿನ ಭಕ್ತರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿದ್ದವರು, ಪಾಪ, ಬೆಟ್ಟಕ್ಕೆ ಬರಲಾಗದ ಸಂಕಟ ಇರಬೇಕೆಂದು ತಿಳಿದು, ನಿಮ್ಮ ಹೆಸರಲ್ಲೂ ಮಾದಪ್ಪನಿಗೆ ಒಂದು ಕಾಯಿ ಒಡೆಸುತ್ತೇವೆ ಎಂದರು.

ಶಾಲೆಯಲ್ಲಿ ಮೂವರು ಕೂತಿದ್ದರು. ಹೆಡ್‌ಮಿಸ್ಸು, ಲ್ಯಾಪ್‌ಟಾಪು ತೆರೆದುಕೊಂಡ ಒಬ್ಬ ತರುಣ, ಮತ್ತು ಹಣೆತುಂಬ ವಿಭೂತಿ ಧರಿಸಿದ ಆಡಳಿತ ಮಂಡಳಿಯ ಹಿರಿಯರು. ನನ್ನ ಬಗ್ಗೆ ಹೇಳಿದೆ, ಮನೆದೇವರನ್ನು ಬಿಟ್ಟೆ. ದೌರ್ಬಲ್ಯ ಹೇಳಿದೆ, ರತ್ನಳ ಪಟ್ಟಿಯಿಂದ ಸಣ್ಣದೊಂದನ್ನು ಆರಿಸಿಕೊಂಡು. ಎಲ್ಲ ಸಲೀಸಾಗಿ ಸಾಗುತ್ತಿತ್ತು. ಆಗ ಆ ತರುಣ ಕೇಳಿದ, "ಇನ್ನು ಐದು ವರ್ಷದಲ್ಲಿ ನೀವು ಎಲ್ಲಿಗೆ ಹೋಗಬೇಕು ಅಂತಿದ್ದೀರಿ?"

ಇದಕ್ಕೂ ಸಿಂಧು ಉತ್ತರ ಬರೆದುಕೊಟ್ಟಿದ್ದಳು, ಸಂಸ್ಥೆಯೊಂದಿಗೆ ನಾನೂ ಬೆಳೆಯಬೇಕು ಎಂದು ಏನೋ. ಆದರೆ ಕಿವಿಗೆ ಎಲ್ಲಿಗೆ ಎಂದು ಬಿದ್ದದ್ದೇ ತಡ, ಉತ್ತರ ಹಾರಿಹೋಯಿತು. ಬೆಳಿಗ್ಗೆಯಿಂದ ಊರೆಲ್ಲ ಸುತ್ತಿ ತಪ್ಪಿಸಿಕೊಂಡು ಬಂದದ್ದು ಕಾರ್ಯದ ನಡುಮಧ್ಯೆ ಬಂದು ಕೂತಿತ್ತು. ನಾನು ಎದ್ದು ನಿಂತೆ. "ಒಂದ್ ಲೋಟ ನೀರ್ ಕೊಡ್ತೀರಾ ಸಾ" ಎಂದೆ.

ನೀರು ಬಂತು. ಬಾಗಿಲ ತನಕ ಹೋಗಿ, ವಾಪಸು ಬಂದು, ಕೂತು, ಪೂರ್ತಿ ಕುಡಿದೆ. ತರುಣ ಹೆಡ್‌ಮಿಸ್ಸಿನ ಮುಖ ನೋಡಿದ. ಹಿರಿಯರು ಮಾತ್ರ ಮೀಸೆಯಲ್ಲೇ ನಗುತ್ತಿದ್ದರು.

"ಒಂದ್ಗಳ್ಗೆ ಬುಡಪ್ಪ, ಅವ್ರು ಕೂತ್ಕಳ್ಳಿ. ನೀನು ಅಂಗೆ ಕೇಳ್ಬಾರ್ದಿತ್ತು" ಎಂದು ತರುಣನಿಗೆ ಹೇಳಿ, ನನ್ನ ಕಡೆ ತಿರುಗಿ, "ಈಗ ಯೋಳಿ" ಎಂದರು.

"ಎಲ್ಗೂ ಇಲ್ಲ ಸಾ" ಎಂದೆ. "ಮೂರ್ ತಿಂಗ್ಳಿಂದ ಎಲ್ಗೂ ಓಗ್ದೆ ಸಾಕಾಗದೆ. ದಿನಾ ಬೆಳಿಗ್ಗೆ ಇಲ್ಗೆ ಬಂದ್ರೆ ಸಾಕು."

ತಿಳಿಸುತ್ತೇವೆ ಎಂದರು. ಹನ್ನೊಂದು ದಿನ ಕಾಯಿಸಿದರು. ರತ್ನಳಿಗಿಂತ ಎರಡು ದಿನ ಹೆಚ್ಚು ಕಾದೆನೆಂದು ನಾನು ಹೇಳಿಕೊಂಡರೆ, ಬಡ್ಡಿ ಎಂದಳು. ಆ ಹನ್ನೊಂದು ದಿನದಲ್ಲಿ ನಾನು ಮಡಿಸಿದ ವಸ್ತುಗಳ ವಿವರ ಬೇಡ. ಮೊಬೈಲು ಮೂರು ಸಲ ಹೊಡೆದುಕೊಂಡಿತು, ಒಮ್ಮೆ ನಂಬರು ತಪ್ಪಿದ ಬಾಳೆಹಣ್ಣಿನವನು, ಎರಡು ಸಲ ಯಾವುದೋ ಬ್ಯಾಂಕು. ನಾಲ್ಕನೆಯದು ಹೆಡ್‌ಮಿಸ್ಸು. ಸೋಮವಾರದಿಂದ ಬನ್ನಿ ಎಂದರು.

ಸೋಮವಾರ ರತ್ನ ಬದುವಿನ ದಾರಿಯಲ್ಲೇ ಹೋಗಿ ಎಂದಳು. ನಾನು ಬೀದಿಯಲ್ಲೇ ಹೊರಟೆ. ಜಗಲಿಯ ಮೇಲೆ ಪುಟ್ಟತಾಯವ್ವ ನನ್ನನ್ನು ಕಂಡವಳೇ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದಳು. ನಾನು ನಿಂತೆ.

"ಕೇಳು ದೊಡ್ಡವ್ವ."

"ಬ್ಯಾಡ ಕಣ್ಲಾ ಮಗ. ಒಳ್ಳೆ ಕೆಲ್ಸಕ್ಕೆ ಒಂಟಂಗಿದ್ದೀಯೆ."

"ಕೇಳು ಅಂತೀನಿ. ಬಸ್ ಓಯ್ತದೆ."

ಅವಳು ನಿಧಾನವಾಗಿ ಸೆರಗು ತೆಗೆದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂರು ತಿಂಗಳ ಬಾಕಿಯನ್ನೆಲ್ಲ ಒಟ್ಟುಗೂಡಿಸಿದ ಗಂಟಲಿನಲ್ಲಿ ಕೇಳಿದಳು, "ಎಲ್ಲಿಗ್ಲಾ ಮಾದೇವ?"

"ಕೆಲ್ಸಕ್ಕೆ ಕಣ್ ದೊಡ್ಡವ್ವ" ಎಂದೆ.

ಹಿಂದೆ ಬಾಗಿಲಲ್ಲಿ ರತ್ನ ಆಗಲೇ ನೀರಿನ ಲೋಟ ಹಿಡಿದು ನಿಂತಿದ್ದಳಂತೆ. ನಾನು ವಾಪಸು ಹೋಗಲಿಲ್ಲ.